ಸಾಲ ತೀರುವ ಮೊದಲೇ ಮೀಟರ್ ಬ್ಯಾಟರಿ ತೀರಬಾರದು

ನಗರಾಡಳಿತದ ಹಣಕಾಸು ಕುರಿತು ಬಂದ ಪತ್ರಗಳಲ್ಲಿ ಈ ಸಲ ಉತ್ತರಿಸಲು ಆರಿಸಿಕೊಂಡ ಮೂರೂ ನೀರಿನ ಮೀಟರಿನ ಬಗ್ಗೆಯೇ ಇವೆ. ಮೊದಲನೆಯದಕ್ಕೆ ಉದ್ದನೆಯ ಉತ್ತರ ಬೇಕಾಗಿದೆ.

ಪ್ರಶ್ನೆ: ನಾನು ನಗರಸಭೆ ಸದಸ್ಯೆ. ನಮ್ಮೂರಲ್ಲಿ ಸುಮಾರು 40 ಸಾವಿರ ನಲ್ಲಿ ಸಂಪರ್ಕಗಳಿವೆ. ಮನೆಮನೆಗೆ ಹೋಗಿ ಓದುವುದನ್ನು ಬಿಟ್ಟು, ರೇಡಿಯೊ ಮೂಲಕ ತಾನೇ ರೀಡಿಂಗ್ ಕಳಿಸುವ ಮೀಟರ್ ಹಾಕಿಸಿ ಎಂದು ಕಂಪನಿಯೊಂದು ಬಂದು ತೋರಿಸಿ ಹೋಯಿತು. 'ನಾಲ್ಕೇ ವರ್ಷದಲ್ಲಿ ಹಾಕಿದ ದುಡ್ಡು ವಾಪಸ್' ಅನ್ನುತ್ತಾರೆ. ಸಾಲ ಮಾಡಬೇಕೋ, ಬಾಂಡ್ (ಹೂಡಿಕೆದಾರರಿಗೆ ಮಾರುವ ಸಾಲಪತ್ರ) ಬಿಡಬೇಕೋ, ಅಥವಾ ಕಂಪನಿಯೇ ಹಾಕಿ ತಿಂಗಳ ಬಾಡಿಗೆ ತಗೊಳ್ಳಲಿ ಎನ್ನಬೇಕೋ? ಸಾಮಾನ್ಯ ಸಭೆಗೆ ವಿಷಯ ಬರಲಿದೆ.

ಉತ್ತರ: ದುಡ್ಡು ಎಲ್ಲಿಂದ ತರುವುದು ಅನ್ನುವುದಕ್ಕಿಂತ ಮೊದಲು, ಅದು ಯಾವ ಬಾಬ್ತಿನಿಂದ ವಾಪಸ್ ಬರುತ್ತದೆ ಎಂದು ಕೇಳಿ. ಕಂಪನಿಯವರ ಕೋಷ್ಟಕವನ್ನು ಪಕ್ಕಕ್ಕಿಟ್ಟು ನೀವೇ ಒಂದು ಹಾಳೆಯಲ್ಲಿ ಲೆಕ್ಕ ಹಾಕಿ. ಕೆಳಗಿನ ದರಗಳು ನಾನು ಊಹಿಸಿಕೊಂಡವು; ಅವುಗಳ ಜಾಗದಲ್ಲಿ ನಿಮ್ಮೂರಿನ ಅಂಕಿ ಹಾಕಿಕೊಳ್ಳಿ.

ಮೀಟರು, ರೇಡಿಯೊ, ಅಳವಡಿಕೆ, ಸಾಫ್ಟ್‌ವೇರ್ ಎಲ್ಲ ಸೇರಿ ಒಂದು ಸಂಪರ್ಕಕ್ಕೆ 6,000 ರೂಪಾಯಿ ಅಂದರೆ ಒಟ್ಟು 24 ಕೋಟಿ. ಶೇ 8.5ರ ಬಡ್ಡಿಗೆ 10 ವರ್ಷದ ಸಾಲ ತೆಗೆದರೆ ವರ್ಷದ ಕಂತು ಸುಮಾರು 3.66 ಕೋಟಿ. ಒಂದೊಂದು ಮನೆಯ ಪಾಲಿಗೆ ತಿಂಗಳಿಗೆ 76 ರೂಪಾಯಿ ಬೀಳುತ್ತದೆ.

ಉಳಿತಾಯದ ಕಡೆ ನೋಡಿ. ಒಬ್ಬ ಮೀಟರ್ ರೀಡರ್ ದಿನಕ್ಕೆ 100 ಮನೆ ಓದಿದರೆ ತಿಂಗಳಿಗೆ 2,500 ಮನೆ. ಇಡೀ ಊರಿಗೆ 16 ಜನ ಸಾಕು. ಹೊರಗುತ್ತಿಗೆಯಲ್ಲಿ ತಲಾ 20,000 ರೂಪಾಯಿಯಂತೆ ವರ್ಷಕ್ಕೆ 38.4 ಲಕ್ಷ ಆಗುತ್ತದೆ. ಎಲ್ಲರನ್ನೂ ತೆಗೆದರೂ ಕಂತಿನ ಹತ್ತನೇ ಒಂದು ಭಾಗ ಹುಟ್ಟುತ್ತದೆ, ಅಷ್ಟೆ. ಅಮೆರಿಕದ ಊರುಗಳಲ್ಲಿ ಕೂಲಿ ದುಬಾರಿ, ಮನೆಗಳೂ ದೂರ ದೂರ. ರೀಡಿಂಗ್ ಖರ್ಚಿನ ಉಳಿತಾಯ ಅಲ್ಲಿ ದೊಡ್ಡ ಮಾತು. ಆ ವಾದವನ್ನು ಹಾಗೇ ಎತ್ತಿ ತಂದು ನಮ್ಮ ಸಭೆಯ ಪರದೆ ಮೇಲೆ ತೋರಿಸಿದರೆ ಲೆಕ್ಕ ಕೂಡುವುದಿಲ್ಲ.

ಇನ್ನು 'ಕಂದಾಯ ಹೆಚ್ಚುತ್ತದೆ' ಎಂಬ ಮಾತು. ಒಂದು ಮನೆ ತಿಂಗಳಿಗೆ 15 ಸಾವಿರ ಲೀಟರ್ ಬಳಸುತ್ತದೆ, ಸಾವಿರ ಲೀಟರಿಗೆ 10 ರೂಪಾಯಿ ದರ ಎಂದುಕೊಳ್ಳಿ. ಬಿಲ್ 150 ರೂಪಾಯಿ. ಹಳೆ ಮೀಟರ್ ಶೇ 10ರಷ್ಟು ಕಡಿಮೆ ಓದುತ್ತಿತ್ತು, ಹೊಸದು ಸರಿಯಾಗಿ ಓದುತ್ತದೆ ಎಂದರೆ ಮನೆಗೆ ತಿಂಗಳಿಗೆ 15 ರೂಪಾಯಿ ಜಾಸ್ತಿ ಬರುತ್ತದೆ. ಊರಿಗೆಲ್ಲ ಸೇರಿ ವರ್ಷಕ್ಕೆ 72 ಲಕ್ಷ. ಅದೂ ಎಲ್ಲರೂ ಬಿಲ್ ಕಟ್ಟಿದರೆ! ಎರಡೂ ಬಾಬ್ತು ಸೇರಿಸಿದರೂ 1.1 ಕೋಟಿ ದಾಟಿದ್ದೇ ಹೆಚ್ಚು. ಕಂತು 3.66 ಕೋಟಿ ಇದೆ. ಬಾಕಿ ಎಲ್ಲಿಂದ ಬರಬೇಕು? ದರ ಏರಿಸಬೇಕು, ಇಲ್ಲವೇ ಆಸ್ತಿ ತೆರಿಗೆಯಿಂದ ತುಂಬಬೇಕು. ನಿಮ್ಮ ಸಭೆ ದರ ಏರಿಸಿ ಎಷ್ಟು ವರ್ಷವಾಯಿತು ಎಂದು ನೀವೇ ನೆನಪಿಸಿಕೊಳ್ಳಿ. ಬೆಂಗಳೂರು ಜಲಮಂಡಳಿಯಲ್ಲೇ 2014ರ ದರ 2025ರವರೆಗೆ ಅಲುಗಾಡಲಿಲ್ಲ. ಸಾಲದ ಕಂತಿಗೆ ಹನ್ನೊಂದು ವರ್ಷ ಕಾಯುವ ವ್ಯವಧಾನ ಇರುವುದಿಲ್ಲ.

ಅವಧಿ ಉದ್ದ ಮಾಡಿದರೆ ಹಗುರವಾಗುತ್ತದಲ್ಲ ಎಂದು ಲೆಕ್ಕಪತ್ರ ಶಾಖೆಯವರು ಹೇಳಬಹುದು. 15 ವರ್ಷಕ್ಕೆ ಮಾಡಿದರೆ ಮನೆಯೊಂದಕ್ಕೆ ತಿಂಗಳಿಗೆ 60 ರೂಪಾಯಿ ಆಗುತ್ತದೆ, ನಿಜ. ಆದರೆ ಕಟ್ಟುವ ಒಟ್ಟು ಹಣ 36.6 ಕೋಟಿಯಿಂದ 43 ಕೋಟಿ ದಾಟುತ್ತದೆ. ಅದಕ್ಕಿಂತ ಮುಖ್ಯವಾಗಿ, ಈ ಮೀಟರುಗಳ ಒಳಗಿರುವುದು ಚಾರ್ಜ್ ಆಗದ ಲಿಥಿಯಂ ಬ್ಯಾಟರಿ. ಕಂಪನಿಗಳೇ ಹೇಳಿಕೊಳ್ಳುವ ಆಯುಷ್ಯ ಸಾಮಾನ್ಯವಾಗಿ 10ರಿಂದ 15 ವರ್ಷ. ದಿನಕ್ಕೊಮ್ಮೆ ಸಂದೇಶ ಕಳಿಸುವುದಕ್ಕೂ ಗಂಟೆಗೊಮ್ಮೆ ಕಳಿಸುವುದಕ್ಕೂ ಅದು ಸವೆಯುವುದರಲ್ಲಿ ವ್ಯತ್ಯಾಸವಿದೆ. 12ನೇ ವರ್ಷಕ್ಕೆ ಬ್ಯಾಟರಿ ಕೈಕೊಟ್ಟರೆ ಸತ್ತ ಮೀಟರಿಗೆ ಮೂರು ವರ್ಷ ಕಂತು ಕಟ್ಟುತ್ತಾ, ಹೊಸ ಮೀಟರಿಗೂ ದುಡ್ಡು ಹೊಂದಿಸಬೇಕು. ಹಾಗಾಗಿ ಸಾಲದ ಅವಧಿ ಬ್ಯಾಟರಿಯ ವಾರಂಟಿಗಿಂತ ಕಡಿಮೆ ಇರಲಿ. ಕರಪತ್ರದಲ್ಲಿ ಬರೆದ ಆಯುಷ್ಯವನ್ನು ನಂಬಬೇಡಿ, ಒಪ್ಪಂದದಲ್ಲಿ ಸಹಿಯಾದ ವಾರಂಟಿಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.

'ಉಳಿತಾಯದಿಂದಲೇ ಸಾಲ ತೀರುತ್ತದೆ, ನಾವು ಗ್ಯಾರಂಟಿ' ಎಂದು ಕಂಪನಿ ಬರೆದುಕೊಟ್ಟರೆ ಸಾಕಲ್ಲವೇ? ಅಮೆರಿಕದ ಮಿಸಿಸಿಪ್ಪಿ ರಾಜ್ಯದ ರಾಜಧಾನಿ ಜಾಕ್ಸನ್ ನಗರ ನಂಬಿದ್ದು ಇದನ್ನೇ. ಹೊಸ ಮೀಟರು, ಬಿಲ್ಲಿಂಗ್ ವ್ಯವಸ್ಥೆ ಮತ್ತು ಸ್ಥಾವರಗಳ ರಿಪೇರಿಗೆಂದು 2013ರಲ್ಲಿ ಸೀಮೆನ್ಸ್ ಕಂಪನಿ ಜೊತೆ ಸುಮಾರು 9 ಕೋಟಿ ಡಾಲರಿನ ಒಪ್ಪಂದ ಆಯಿತು. ನಗರ ಬಾಂಡ್ ಮೂಲಕ ಹಣ ಎತ್ತಿತು. ಹದಿನೈದು ವರ್ಷದಲ್ಲಿ ಖರ್ಚಿಗಿಂತ ಹೆಚ್ಚು ಉಳಿಯುತ್ತದೆ ಎಂಬ ಭರವಸೆ ಇತ್ತು. ಆಮೇಲೆ ಮೀಟರಿಗೂ ಬಿಲ್ಲಿಂಗ್ ಸಾಫ್ಟ್‌ವೇರಿಗೂ ತಾಳಮೇಳ ತಪ್ಪಿತು. ಘನ ಅಡಿಯಲ್ಲಿ ಅಳೆಯಬೇಕಾದ ಕಡೆ ಗ್ಯಾಲನ್‌ನಲ್ಲಿ ಅಳೆಯುವ ಮೀಟರುಗಳು ಕೂತಿದ್ದವು ಎಂಬ ದೂರೂ ಬಂತು. ಕೆಲವರಿಗೆ ವಿಪರೀತ ಬಿಲ್, ಕೆಲವರಿಗೆ ತಿಂಗಳುಗಟ್ಟಲೆ ಬಿಲ್ಲೇ ಇಲ್ಲ. ಜನ ಕಟ್ಟುವುದನ್ನು ನಿಲ್ಲಿಸಿದರು. 2019ರಲ್ಲಿ ನಗರ ಕೋರ್ಟಿಗೆ ಹೋಯಿತು, 2020ರಲ್ಲಿ ಸುಮಾರು 9 ಕೋಟಿ ಡಾಲರಿಗೇ ರಾಜಿ ಆಯಿತು. ಕೊಟ್ಟಷ್ಟೂ ವಾಪಸ್ ಬಂತಲ್ಲ ಎನ್ನಬೇಡಿ. ವಕೀಲರ ಫೀಸು ಅದರಲ್ಲೇ ಕಳೆಯಿತು, ನಡುವಿನ ವರ್ಷಗಳ ಬಡ್ಡಿ ಮತ್ತು ವಸೂಲಾಗದ ಬಿಲ್ಲು ಊರಿನ ತಲೆ ಮೇಲೆ ಉಳಿಯಿತು. ಕೈಗೆ ಬಂದ ಬಿಲ್ ಸರಿಯಿಲ್ಲ ಎಂದು ಒಮ್ಮೆ ಜನರಿಗೆ ಅನ್ನಿಸಿದರೆ ಸರಿಯಿದ್ದ ಬಿಲ್ಲನ್ನೂ ಕಟ್ಟುವುದಿಲ್ಲ. ಇದು ಜಾಕ್ಸನ್‌ಗೂ ಒಂದೇ, ನಮ್ಮೂರಿಗೂ ಒಂದೇ.

ಬಾಂಡ್ ವಿಚಾರಕ್ಕೆ ಬರೋಣ. ನಮಗೆ ಹತ್ತಿರದ ಉದಾಹರಣೆ ಪುಣೆ. ದಿನದ 24 ಗಂಟೆ ನೀರು ಕೊಡುವ ಯೋಜನೆಗೆ ಪುಣೆ ಮಹಾನಗರಪಾಲಿಕೆ 2017ರ ಜೂನ್‌ನಲ್ಲಿ ಶೇ 7.59ರ ಬಡ್ಡಿಗೆ 10 ವರ್ಷದ ಬಾಂಡ್ ಬಿಟ್ಟು 200 ಕೋಟಿ ರೂಪಾಯಿ ಎತ್ತಿತು. ಆ ಯೋಜನೆಯಲ್ಲಿ ಸ್ವಯಂಚಾಲಿತ ಮೀಟರುಗಳೂ ಇದ್ದವು. ಸಾಲ ತೀರಿಸುವ ಶಕ್ತಿಗೆ ಕೊಡುವ ಅಂಕದಲ್ಲಿ ಎಎ ಪ್ಲಸ್ ಎಂಬ ಒಳ್ಳೆಯ ರೇಟಿಂಗ್ ಇತ್ತು, ಹಣ ಸಲೀಸಾಗಿ ಬಂತು. ಆದರೆ ಹಣ ಬಂದ ಬೆನ್ನಿಗೇ ಟೆಂಡರ್ ರದ್ದಾಗಿ ಕೆಲಸ ಹಿಂದೆ ಬಿತ್ತು. 200 ಕೋಟಿಗೆ ಶೇ 7.59 ಅಂದರೆ ವರ್ಷಕ್ಕೆ 15 ಕೋಟಿಗೂ ಮೇಲೆ ಬಡ್ಡಿ. ಕಾರ್ಯಾದೇಶ ಕೈಯಲ್ಲಿಲ್ಲದೆ ಹಣ ಎತ್ತಬಾರದು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ.

ನಿಮ್ಮಂಥ ಊರು ಒಂಟಿಯಾಗಿ ಬಾಂಡ್ ಬಿಡುವುದು ನನ್ನ ದೃಷ್ಟಿಯಲ್ಲಿ ವ್ಯರ್ಥ ಸಾಹಸ. 24 ಕೋಟಿಗೆ ರೇಟಿಂಗ್, ಟ್ರಸ್ಟಿ (ಹೂಡಿಕೆದಾರರ ಹಿತ ಕಾಯುವ ಸಂಸ್ಥೆ), ಲಿಸ್ಟಿಂಗ್ (ಷೇರುಪೇಟೆಯಲ್ಲಿ ನೋಂದಣಿ) ಖರ್ಚು ಹೊರೆಯಾಗುತ್ತದೆ. ಹಲವು ಊರು ಸೇರಿ ಎತ್ತುವ ದಾರಿ ಒಂದಿದೆ, ಅದಕ್ಕೆ ಕರ್ನಾಟಕದಲ್ಲೇ ಮಾದರಿಯೂ ಇದೆ. 2005ರಲ್ಲಿ ಬೆಂಗಳೂರಿನ ಸುತ್ತಲಿನ ಎಂಟು ಸ್ಥಳೀಯ ಸಂಸ್ಥೆಗಳ ನೀರಿನ ಯೋಜನೆಗಾಗಿ ಸಂಯುಕ್ತ ನಿಧಿಯ ಮೂಲಕ 100 ಕೋಟಿ ಎತ್ತಲಾಗಿತ್ತು. ಈಗ ಬಾಂಡ್ ಬಿಟ್ಟ ನಗರಗಳಿಗೆ ಕೇಂದ್ರದಿಂದ 100 ಕೋಟಿಗೆ 13 ಕೋಟಿಯಂತೆ, ಗರಿಷ್ಠ 26 ಕೋಟಿ ಪ್ರೋತ್ಸಾಹಧನದ ಯೋಜನೆಯೂ ಬಂದಿದೆ. ಆಸೆ ಹುಟ್ಟುವುದು ಸಹಜ. ಅದೇ ಆಸೆಗೆ ಬಾಂಡ್ ಬಿಡಲು ಹೋಗಬೇಡಿ.

ಬಾಡಿಗೆ ಮಾದರಿ ಇದಕ್ಕಿಂತ ವಾಸಿ, ಷರತ್ತುಗಳು ಸರಿಯಿದ್ದರೆ. ಕಂಪನಿ ತನ್ನ ದುಡ್ಡಲ್ಲಿ ಮೀಟರ್ ಹಾಕುತ್ತದೆ, ನೀವು ತಿಂಗಳಿಗಿಷ್ಟು ಕೊಡುತ್ತೀರಿ. ವಿದ್ಯುತ್ ಕಂಪನಿಗಳ ಸ್ಮಾರ್ಟ್ ಮೀಟರಿಗೆ ಕೇಂದ್ರದ ಯೋಜನೆಯಲ್ಲಿ ಇದೇ ಪದ್ಧತಿ ಇದೆ. ಇಲ್ಲಿ ನೋಡಬೇಕಾದ್ದು, ಪಾವತಿ ಯಾವುದಕ್ಕೆ ಎನ್ನುವುದು. ಅಳವಡಿಸಿದ ಮೀಟರಿಗೆ ಅಂತ ಬರೆದರೆ ಮೀಟರ್ ಸತ್ತರೂ ನೀವು ಕಟ್ಟುತ್ತಲೇ ಇರಬೇಕು. 'ಆ ತಿಂಗಳು ಬಿಲ್ಲಿಂಗ್ ತಂತ್ರಾಂಶಕ್ಕೆ ಸರಿಯಾಗಿ ತಲುಪಿದ ರೀಡಿಂಗ್‌ಗೆ ಮಾತ್ರ' ಎಂದು ಬರೆಸಿ. ಎಸ್ಕ್ರೊ ಖಾತೆಯ (ವಸೂಲಾದ ಹಣ ಮೊದಲು ಜಮೆಯಾಗಿ, ಒಪ್ಪಂದದ ಕ್ರಮದಲ್ಲೇ ಹಂಚಿಕೆಯಾಗುವ ಖಾತೆ) ಷರತ್ತನ್ನೂ ಎರಡು ಸಲ ಓದಿ. ನೀರಿನ ಕರದಿಂದ ಮೊದಲ ಹಕ್ಕು ಕಂಪನಿಗೆ ಹೋದರೆ ಪಂಪ್‌ಹೌಸಿನ ಕರೆಂಟ್ ಬಿಲ್ಲಿಗೆ ಏನು ಉಳಿಯುತ್ತದೆ ಎಂದು ಕೇಳಿ.

ಹಾಗಾದರೆ ನನ್ನ ಸಲಹೆ ಏನು? 40 ಸಾವಿರ ಮನೆಗಳನ್ನು ಕೊನೆಗೆ ಇಡಿ. ಮೊದಲು ಮೇಲ್ಮಟ್ಟದ ಟ್ಯಾಂಕ್‌ಗಳ ಔಟ್‌ಲೆಟ್ಟಿಗೆ, ಪ್ರತಿ ವಲಯದ ಒಳಹರಿವಿಗೆ ಒಟ್ಟು ಹರಿವು ಅಳೆಯುವ ಬಲ್ಕ್ ಮೀಟರ್ ಹಾಕಿಸಿ. ಎಷ್ಟು ನೀರು ಬಿಡುತ್ತೀರಿ, ಎಷ್ಟಕ್ಕೆ ಬಿಲ್ ಹೋಗುತ್ತದೆ ಎಂಬ ಅಂತರ ಕಾಣುವುದು ಅಲ್ಲೇ. ಅಕ್ರಮ ಸಂಪರ್ಕವನ್ನು ಮನೆ ಮೀಟರ್ ಎಂದೂ ಹಿಡಿದುಕೊಡುವುದಿಲ್ಲ, ಯಾಕೆಂದರೆ ಅಕ್ರಮ ನಲ್ಲಿಗೆ ಮೀಟರೇ ಇರುವುದಿಲ್ಲ. ಸೋರಿಕೆ ನಿಂತರೆ ಪಂಪಿಂಗ್ ಕರೆಂಟ್ ಬಿಲ್ಲಿನಲ್ಲಿ ಆಗುವ ಉಳಿತಾಯ ರೀಡರುಗಳ ಸಂಬಳಕ್ಕಿಂತ ದೊಡ್ಡದಾಗಬಹುದು. ಇದಕ್ಕೆ ಸಾಲ ಬೇಡ, ಅನುದಾನ ಕೇಳಿ. ಸೋರಿಕೆ ಮತ್ತು ಲೆಕ್ಕಕ್ಕೆ ಸಿಗದ ನೀರನ್ನು ಶೇ 20ರ ಒಳಗೆ ತರುವುದು ನಗರಗಳ ನೀರಿಗಾಗಿ ಇರುವ ಕೇಂದ್ರದ ಯೋಜನೆ ಅಮೃತ್ 2.0ರ ಗುರಿಗಳಲ್ಲೇ ಇದೆ. ಒಂದರಿಂದ ಹತ್ತು ಲಕ್ಷ ಜನಸಂಖ್ಯೆಯ ಊರಿಗೆ ಅದರಲ್ಲಿ ಕೇಂದ್ರದ ಪಾಲು ಮೂರನೇ ಒಂದು.

ಎರಡನೆಯದು ಹೋಟೆಲ್, ಕಲ್ಯಾಣಮಂಟಪ, ಆಸ್ಪತ್ರೆ, ಹಾಸ್ಟೆಲ್, ಅಪಾರ್ಟ್‌ಮೆಂಟ್. ಸಂಪರ್ಕಗಳ ಸಂಖ್ಯೆ ಕಡಿಮೆ, ದರ ಹೆಚ್ಚು, ಬಳಕೆ ಹೆಚ್ಚು. ಹೊಸ ಮೀಟರ್ ತನ್ನ ಖರ್ಚು ತಾನೇ ದುಡಿಯುವುದಿದ್ದರೆ ಇಲ್ಲಿ. ಚಿಕ್ಕ ಸಾಲವೋ, ಬಾಡಿಗೆಯೋ, ಇಲ್ಲಿಗೆ ಸರಿಹೋಗುತ್ತದೆ. ಸಾಲಕ್ಕೆ ಸರ್ಕಾರದ ಅನುಮತಿ ಬೇಕೇ ಬೇಕು, ಆ ಕಡತಕ್ಕೆ ಹಿಡಿಯುವ ಸಮಯವನ್ನೂ ಲೆಕ್ಕದಲ್ಲಿಡಿ.

ಮನೆಗಳಿಗೆ ನೀರು ನಿರಂತರವಾಗಿ ಬರುವ ವಾರ್ಡಿನಿಂದ ಶುರುಮಾಡಿ. ನಾಲ್ಕು ದಿನಕ್ಕೊಮ್ಮೆ ನೀರು ಬಿಡುವ ಕಡೆ ವಾಲ್ವ್‌ಮನ್ ಕೀಲಿ ತಿರುಗಿಸಿದ ಕೂಡಲೇ ಪೈಪಿನೊಳಗಿನ ಗಾಳಿ ಮೊದಲು ನುಗ್ಗುತ್ತದೆ, ಮೀಟರಿನ ಮುಳ್ಳು ಗಿರ್ರನೆ ತಿರುಗುತ್ತದೆ. ಆ ಗಾಳಿಗೆ ಬಿಲ್ ಕಳಿಸಲು 6,000 ರೂಪಾಯಿಯ ಯಂತ್ರ ಬೇಕಿಲ್ಲ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳಲ್ಲಿ ವಿಶ್ವಬ್ಯಾಂಕ್ ಸಾಲದಿಂದ ನಡೆದ ಪ್ರಾಯೋಗಿಕ ಯೋಜನೆಯಲ್ಲೂ ಕೆಲವೇ ವಲಯ ಆರಿಸಿಕೊಂಡು, ಪೈಪು, ನಿರಂತರ ಒತ್ತಡ, ಮೀಟರ್ ಮೂರನ್ನೂ ಒಟ್ಟಿಗೆ ಮಾಡಲಾಯಿತು. ಆ ಕ್ರಮ ಸರಿಯಾದದ್ದು.

ಪ್ರಶ್ನೆ: ಹೊಸ ಮೀಟರಿನ ಹಣ ಮನೆ ಮಾಲೀಕರೇ ಕಟ್ಟಬೇಕು ಎಂದು ನಮ್ಮ ವಾರ್ಡಿನಲ್ಲಿ ಸುದ್ದಿ. ಹಳೆಯದು ಸರಿಯಾಗಿಯೇ ಇದೆ. ನಾವೇಕೆ ಕಟ್ಟಬೇಕು? — ನಿವೃತ್ತ ಶಿಕ್ಷಕರು

ಉತ್ತರ: ನಿಮ್ಮ ಆಕ್ಷೇಪ ನ್ಯಾಯವಾದದ್ದೇ. ಕರೆಂಟಿನ ಸ್ಮಾರ್ಟ್ ಮೀಟರ್ ದರದ ವಿಚಾರಕ್ಕೆ 2025ರಲ್ಲಿ ರಾಜ್ಯದಲ್ಲಿ ಎದ್ದ ಗದ್ದಲ ನಿಮಗೆ ನೆನಪಿರಬಹುದು. ಮೀಟರ್ ಯಾರ ಜೇಬಿನಿಂದ ಬಂದರೂ ಕೊನೆಗೆ ತೆರುವವರು ಊರಿನವರೇ. ಒಂದೇ ಸಲವೋ, ಕಂತಿನಲ್ಲೋ ಎನ್ನುವುದಷ್ಟೇ ವ್ಯತ್ಯಾಸ. ಒಂದೇ ಗಂಟಾಗಿ ಕೇಳಿದರೆ ಕೂಲಿ ಮಾಡುವ ಮನೆಯವರು ಸಕ್ರಮ ಸಂಪರ್ಕವನ್ನೇ ಬಿಡುತ್ತಾರೆ. ಬಿಲ್ಲಿನಲ್ಲಿ ಪ್ರತ್ಯೇಕ ಸಾಲಾಗಿ, ಎಷ್ಟು ತಿಂಗಳು ಎಂದು ನಮೂದಿಸಿ ವಸೂಲು ಮಾಡುವುದು ಮೇಲು. ಕಂತು ಮುಗಿದ ತಿಂಗಳಿಂದ ಆ ಸಾಲು ಬಿಲ್ಲಿನಲ್ಲಿ ಇರಬಾರದು, ಅದನ್ನು ಮಾತ್ರ ನೋಡಿಕೊಳ್ಳಿ. ಮೀಟರ್ ಬದಲಿಸುವ ದಿನ ಹಳೆಯದರ ಕೊನೆಯ ರೀಡಿಂಗ್, ಹೊಸದರ ಮೊದಲ ರೀಡಿಂಗ್ ಎರಡರ ಫೋಟೊ ತೆಗೆದಿಟ್ಟುಕೊಳ್ಳಿ, ಕ್ರಮಸಂಖ್ಯೆ ಕಾಣುವಂತೆ. ತಕರಾರು ಹುಟ್ಟುವುದು ಹೆಚ್ಚಾಗಿ ಆ ಒಂದು ದಿನದ ಲೆಕ್ಕದಲ್ಲೇ.

ಪ್ರಶ್ನೆ: ನಾನು ಹೊರಗುತ್ತಿಗೆ ಮೀಟರ್ ರೀಡರ್. ಈ ಮೀಟರ್ ಬಂದರೆ ನಮ್ಮ ಕೆಲಸ ಹೋಯಿತು ತಾನೇ?

ಉತ್ತರ: ಓದುವ ಕೆಲಸ ಕಡಿಮೆಯಾಗುತ್ತದೆ, ಅದನ್ನು ಮುಚ್ಚಿಡಲಾರೆ. ಆದರೆ ಚಪ್ಪಡಿ ಎತ್ತಿ, ಗುಂಡಿಯ ನೀರು ಹೊರಗೆ ಚೆಲ್ಲಿ, ಗಾಜಿನ ಮೇಲಿನ ತೇವ ಬೆರಳಲ್ಲಿ ಒರೆಸಿ ಓದಿದವರಿಗೆ ಯಾವ ಗುಂಡಿಯಲ್ಲಿ ವರ್ಷವಿಡೀ ನೀರು ನಿಲ್ಲುತ್ತದೆ ಎಂದು ಗೊತ್ತು. ನೀರಲ್ಲಿ ಮುಳುಗಿದ, ಕಬ್ಬಿಣದ ಮುಚ್ಚಳದಡಿಯ ಮೀಟರಿನಿಂದ ರೇಡಿಯೊ ಸಂಕೇತ ಸರಿಯಾಗಿ ಹೊರಬರುವುದಿಲ್ಲ. ಹೊಸ ವ್ಯವಸ್ಥೆಯಲ್ಲೂ ಪ್ರತಿ ತಿಂಗಳು ಸಂಕೇತ ಬಾರದ ಮೀಟರುಗಳ ಪಟ್ಟಿ ಬರುತ್ತದೆ, ಅವನ್ನು ಹುಡುಕಿ ಹೋಗಲು ಜನ ಬೇಕು. ಸೋರಿಕೆ ಪತ್ತೆಗೂ ಬೇಕು. ಟೆಂಡರ್ ದಾಖಲೆ ಸಿದ್ಧವಾಗುವ ಮೊದಲೇ ನೀವೆಲ್ಲ ಸೇರಿ ಒಂದು ಮನವಿ ಕೊಡಿ: ನಿರ್ವಹಣೆಯ ಸಿಬ್ಬಂದಿಯನ್ನು ಈಗಿನ ರೀಡರುಗಳಿಂದಲೇ ತೆಗೆದುಕೊಳ್ಳಬೇಕು, ತರಬೇತಿ ಖರ್ಚು ಯೋಜನೆಯ ಮೊತ್ತದಲ್ಲೇ ಸೇರಬೇಕು ಎಂಬ ಷರತ್ತು ಅದರಲ್ಲಿರಲಿ. ಕಾರ್ಯಾದೇಶ ಕೊಟ್ಟ ಮೇಲೆ ಹೋದರೆ 'ಟೆಂಡರ್‌ನಲ್ಲಿ ಇಲ್ಲ' ಎಂದು ವಾಪಸ್ ಕಳಿಸುತ್ತಾರೆ.