ಇಂಗ್ಲಿಷಿನ ‘ಗಿಫ್ಟ್’ ಜರ್ಮನ್‌ನಲ್ಲಿ ವಿಷ ಅಂತೆ, ನಿಜವೇ?

ನಿಜ. ಜರ್ಮನಿಯ ಅಂಗಡಿಯಲ್ಲಿ ಡಬ್ಬಿಯ ಮೇಲೆ ‘ರಾಟೆನ್‌ಗಿಫ್ಟ್’ ಎಂದಿದ್ದರೆ ಅದು ಇಲಿಪಾಷಾಣ. ಉಡುಗೊರೆಗೆ ಅಲ್ಲಿ ‘ಗೆಶೆಂಕ್’ ಅನ್ನುತ್ತಾರೆ.

ಆದರೂ ಎರಡು ‘ಗಿಫ್ಟ್’ಗಳ ಬೇರು ಒಂದೇ. ಇಂಗ್ಲಿಷಿನ ‘ಗಿವ್’, ಜರ್ಮನ್ನಿನ ‘ಗೇಬೆನ್’ ಹುಟ್ಟಿದ ಧಾತುವೇ ಇದರದ್ದೂ. ಮೂಲ ಅರ್ಥ ಬರೀ ‘ಕೊಟ್ಟದ್ದು’. ವಿಷ ಎಲ್ಲಿಂದ ಬಂತು ಅಂದರೆ, ಗ್ರೀಕರು ವೈದ್ಯ ಕೊಡುವ ಔಷಧದ ಅಳತೆಗೆ ‘ದೋಸಿಸ್’, ಅಂದರೆ ‘ಕೊಡುವಿಕೆ’ ಅನ್ನುತ್ತಿದ್ದರು. (ನಾವು ಲಸಿಕೆಗೆ ಹೇಳುವ ‘ಡೋಸ್’ ಅದೇ, ಸಂಸ್ಕೃತದ ‘ದಾನ’ವೂ ಅದರ ದೂರದ ನೆಂಟ.) ಲ್ಯಾಟಿನ್ ಮೂಲಕ ಬಂದ ಆ ಅರ್ಥವನ್ನು ಜರ್ಮನ್ನರು ತಮ್ಮ ‘ಗಿಫ್ಟ್’ ಪದಕ್ಕೆ ಹೊರಿಸಿದರು. ವಿಷ ಅನ್ನಲು ಬಾಯಿ ಬಾರದೆ ‘ಕೊಟ್ಟದ್ದು’ ಅಂದು ಅಂದು, ಕೊನೆಗೆ ಆ ಪದಕ್ಕೇ ವಿಷ ಏರಿತು. ನಮ್ಮಲ್ಲೂ ಮದ್ದು ಅಂದರೆ ಔಷಧಿಯೇ, ಆದರೆ ‘ಅವನಿಗೆ ಯಾರೋ ಮದ್ದು ಹಾಕಿದ್ದಾರೆ’ ಅಂದರೆ ಕತೆಯೇ ಬೇರೆ!

ಹಳೆಯ ಅರ್ಥ ಜರ್ಮನ್ನಿನಲ್ಲಿ ಪೂರ್ತಿ ಸತ್ತಿಲ್ಲ: ‘ಮಿಟ್‌ಗಿಫ್ಟ್’ ಅಂದರೆ ಮದುವೆಯಲ್ಲಿ ಹೆಣ್ಣಿನ ಜೊತೆ ಕೊಡುವ ವರದಕ್ಷಿಣೆ. ಡಚ್ಚರು ಜಾಣರು, ದೇಣಿಗೆಗೆ ‘ಗಿಫ್ಟ್’, ವಿಷಕ್ಕೆ ‘ಗಿಫ್’ ಎಂದು ಬೇರೆ ಮಾಡಿಕೊಂಡಿದ್ದಾರೆ.

ನನಗೆ ಇಷ್ಟವಾದದ್ದು ಸ್ವೀಡಿಷ್. ಅಲ್ಲಿ ನಾಮಪದವಾಗಿ ‘ಗಿಫ್ಟ್’ ವಿಷ, ಗುಣವಾಚಕವಾಗಿ ‘ಮದುವೆಯಾದ’. ನಾವು ‘ಮಗಳನ್ನು ಮೈಸೂರಿಗೆ ಕೊಟ್ಟಿದ್ದೇವೆ’ ಅನ್ನುತ್ತೇವಲ್ಲ, ಅದೇ ಕೊಡುವ ಲೆಕ್ಕ. ಉಚ್ಚಾರಣೆ ಮಾತ್ರ ‘ಯಿಫ್ಟ್’. ಇದರ ಮೇಲೆ ಸ್ವೀಡನ್ನಿನ ಗಂಡಂದಿರು ಮಾಡುವ ಜೋಕನ್ನು ನೀವೇ ಊಹಿಸಿಕೊಳ್ಳಿ.