ಕಪಾಟು ತುಂಬ ಬಟ್ಟೆ, ಹಾಕ್ಲಿಕ್ಕೆ ಮಾತ್ರ ಎಂತದೂ ಇಲ್ಲ

(ನನ್ನ ಹತ್ರ ಸಲಹೆ ಕೇಳ್ಲಿಕ್ಕೆ ಬಂದ ಒಬ್ಬಳ ಕಥೆ ಇದು. ಹೆಸರು, ವಯಸ್ಸು, ಕೆಲಸ, ಮನೆ ಇರುವ ಜಾಗ ಎಲ್ಲ ಬದಲಿಸಿದ್ದೇನೆ. ಅವಳಿಗೆ ಓದಿ ಹೇಳಿ ಒಪ್ಪಿಗೆ ತೆಗೊಂಡ ಮೇಲೆ ಹಾಕುದು.)

ಸೌಮ್ಯ ಅಂತ ಕರೆಯುವ. 28 ವರ್ಷ, ಬದಿಯಡ್ಕ ಕಡೆಯವಳು, ಕಾಸರಗೋಡು ಪೇಟೆಯ ಒಂದು ಆಫೀಸಲ್ಲಿ ಲೆಕ್ಕ ಬರೆಯುವ ಕೆಲಸ. ಮೊದಲ ಸಲ ಬಂದಾಗ ಹೇಳಿದ ಸಮಸ್ಯೆಯೇ ಬೇರೆ, ನಿದ್ದೆ ಬರುದಿಲ್ಲ ಮೇಡಂ ಅಂತ. ರಾತ್ರಿ ಎಷ್ಟು ಗಂಟೆವರೆಗೆ ಎದ್ದಿರ್ತಿ, ಎಂತ ಮಾಡ್ತಿ ಅಂತ ಕೇಳ್ತಾ ಹೋದಾಗ ಫೋನು, ಫೋನಲ್ಲಿ ಎಂತ ಅಂದಾಗ ಬಟ್ಟೆ, ಅಷ್ಟು ಹೇಳ್ಲಿಕ್ಕೆ ಅವಳಿಗೆ ಮುಕ್ಕಾಲು ಗಂಟೆ ಹಿಡಿಯಿತು. ಸಂಬಳ 24,000. ತಿಂಗಳಿಗೆ ಏಳೆಂಟು ಸಾವಿರ ಬಟ್ಟೆಗೆ. "ಈಗ ತೆಗೊಳ್ಳಿ, ಆಮೇಲೆ ಕೊಡಿ" ಅಂತ ಬರ್ತದಲ್ಲ, ಅದರಲ್ಲಿ 31,000 ಬಾಕಿ. ಪಾರ್ಸೆಲ್ ಆಫೀಸಿನ ಅಡ್ರೆಸ್ಸಿಗೆ ತರಿಸುದು, ಊಟದ ಬುತ್ತಿ ಇಡುವ ಚೀಲದಲ್ಲಿ ಮಡಚಿ ಹಾಕಿ ಮನೆಗೆ ತೆಗೊಂಡು ಹೋಗುದು. ಅಮ್ಮ ಕೇಳಿದ್ರೆ "ಇದು ಹಳತು ಅಮ್ಮಾ, ನೀನು ನೋಡ್ಲಿಲ್ಲ ಅಷ್ಟೆ".

ಕಪಾಟು ಲೆಕ್ಕ ಮಾಡಿ ಬಾ ಅಂದೆ. ಲೆಕ್ಕದವಳಲ್ವಾ, ಚಂದ ಮಾಡಿ ಬರ್ಕೊಂಡು ಬಂದಳು. ಒಟ್ಟು 118, ಟ್ಯಾಗು ತೆಗೆಯದೆ ಇರುವುದು 37, ಕಳೆದ 2 ತಿಂಗಳಲ್ಲಿ ಮೈಮೇಲೆ ಹಾಕಿದ್ದು 11. ಆ ಹನ್ನೊಂದು ನೋಡಿ ಅವಳಿಗೇ ನಗು ಬಂತು, ಆಮೇಲೆ ಕಣ್ಣಲ್ಲಿ ನೀರು.

ಇಲ್ಲಿ ನಾನೊಂದು ತಪ್ಪು ಮಾಡಿದೆ, ಅದನ್ನೂ ಹೇಳಿಬಿಡ್ತೇನೆ. ಒಂದು ತಿಂಗಳು ಎಂತದೂ ಖರೀದಿ ಮಾಡ್ಬೇಡ, ಆ್ಯಪ್ ಡಿಲೀಟ್ ಮಾಡು ಅಂದೆ, ಎಲ್ಲರೂ ಹೇಳುವ ಹಾಗೆ. 18 ದಿನ ಹಿಡ್ಕೊಂಡಳು. 19ನೇ ದಿನ ರಾತ್ರಿ ಯಾವುದೋ ಸೇಲ್ ಮುಗಿಯುವ ಗಡಿಯಾರ ಓಡ್ತಾ ಇತ್ತಂತೆ, ಒಂದೇ ಕೂತಲ್ಲಿ ನಾಲ್ಕು ಡ್ರೆಸ್. ಮುಂದಿನ ಸಲ ನನ್ನ ಮುಖ ನೋಡ್ಲಿಕ್ಕೂ ನಾಚಿಕೆ ಅವಳಿಗೆ. ತಪ್ಪು ಅವಳದ್ದಲ್ಲ, ನನ್ನದು. ಉಪವಾಸ ಹಾಕಿದ್ರೆ ಹಸಿವು ಯಾಕೆ ಅಂತ ಗೊತ್ತಾಗುದಿಲ್ಲ, ಹಸಿವು ಜಾಸ್ತಿ ಆಗ್ತದೆ ಅಷ್ಟೆ.

ಹಾಗಾಗಿ ತೆಗೆಯುದು ತೆಗೆ, ಆದ್ರೆ ಬೇಕು ಅಂತ ಆಸೆ ಆದಾಗಲೆಲ್ಲ ಅದಕ್ಕಿಂತ ಒಂದು ಗಂಟೆ ಮೊದಲು ಎಂತ ಆಯ್ತು ಅಂತ ಪುಸ್ತಕದಲ್ಲಿ ಎರಡು ಗೆರೆ ಬರೆ ಅಂತ ಹೇಳಿದೆ. ಮೂರು ವಾರದಲ್ಲಿ 14 ಸಲ ಬರೆದಿದ್ದಳು. ಅದರಲ್ಲಿ 9 ಆದಿತ್ಯವಾರ ರಾತ್ರಿಯದ್ದು ಅಥವಾ ಯಾವುದಾದ್ರೂ ಮದುವೆ, ಉಪನಯನ, ಪೂಜೆ ಮುಗಿಸಿ ಬಂದ ರಾತ್ರಿಯದ್ದು. ಅಲ್ಲಿಂದ ನಿಜವಾದ ಮಾತು ಶುರುವಾಯ್ತು.

ನಮ್ಮ ಕಡೆಯವರಿಗೆ ಇದು ಬಿಡಿಸಿ ಹೇಳ್ಬೇಕಂತ ಇಲ್ಲ, ಬೇರೆಯವರಿಗಾಗಿ ಹೇಳ್ತೇನೆ. ಕಾಸರಗೋಡು 1956 ನವೆಂಬರ್ 1ಕ್ಕೆ ಕೇರಳಕ್ಕೆ ಸೇರಿತು, ನಮ್ಮಂಥ ತುಂಬ ಮನೆಗಳ ಮಾತು, ಶಾಲೆ ಕನ್ನಡದಲ್ಲೇ ಉಳಿಯಿತು. ಸೌಮ್ಯ ಕಲಿತದ್ದು ಕನ್ನಡ ಮೀಡಿಯಂ, ಆಫೀಸಲ್ಲಿ ಇಡೀ ದಿನ ಮಲಯಾಳ, ಮಾತಾಡ್ತಾಳೆ ಚಂದ, ಆದ್ರೂ ಎರಡನೇ ವಾಕ್ಯಕ್ಕೆ "ಕನ್ನಡದವಳಾ" ಅಂತ ಯಾರಾದ್ರೂ ಕೇಳಿಯೇ ಕೇಳ್ತಾರೆ. ಮಂಗಳೂರಲ್ಲಿ ಮಾವನ ಮನೆಗೆ ಹೋದ್ರೆ "ನಮ್ಮ ಕೇರಳದ ಹುಡುಗಿ ಬಂದಳು" ಅಂತ ತಮಾಷೆ. ಬೆಂಗಳೂರಿನ ಚಿಕ್ಕಮ್ಮನ ಮಗಳು ಜೀನ್ಸಲ್ಲಿ ಬಂದು ಫೋಟೋ ತೆಗೆಸ್ಕೊಂಡ್ರೆ ಇವಳು ಪಕ್ಕದಲ್ಲಿ "ಹಳ್ಳಿಯವಳ ಹಾಗೆ" (ಅವಳದ್ದೇ ಮಾತು). ಅಂದ್ರೆ ತೆಗೆದದ್ದೆಲ್ಲ ಬಟ್ಟೆ ಅಲ್ಲ, ಮೂರು ಬೇರೆ ಹುಡುಗಿಯರ ವೇಷ. ಆಫೀಸಿಗೆ ಕೊಚ್ಚಿಯವರು ಉಡುವ ಹಾಗಿನ ಲಿನನ್ ಸೀರೆ ಆರು. ಮಂಗಳೂರಿನ ಮದುವೆಗೆ ಅಂತ ಲೆಹೆಂಗಾ ಎರಡು. ಬೆಂಗಳೂರಿಗೆ ಹೋದ್ರೆ ಹಾಕ್ಲಿಕ್ಕೆ ಅಂತ ಟಾಪುಗಳು, ಬೆಂಗಳೂರಿಗೆ ಅವಳು ವರ್ಷಕ್ಕೆ ಒಂದು ಸಲವೂ ಹೋಗುದಿಲ್ಲ.

"ಪಾರ್ಸೆಲ್ ಬರುವವರೆಗೆ ಖುಷಿ ಮೇಡಂ, ಬಿಚ್ಚಿದ ಮೇಲೆ ಎಂತದೋ ಒಂಥರಾ" ಅಂದಳು. ಅದು ಅವಳೊಬ್ಬಳಿಗಲ್ಲ. ಮಿದುಳಲ್ಲಿ ಡೋಪಮಿನ್ ಅನ್ನುವ ರಾಸಾಯನಿಕ ಉಂಟಲ್ಲ, ಅದು ಸಿಕ್ಕಿದ ಮೇಲಿನ ಸುಖಕ್ಕಿಂತ ಸಿಗ್ತದೆ ಅನ್ನುವ ಆಸೆಗೇ ಹೆಚ್ಚು ಸಂಬಂಧಪಟ್ಟದ್ದು, ಗಾಡಿ ಎಲ್ಲಿವರೆಗೆ ಬಂತು ಅಂತ ದಿನಕ್ಕೆ ಹತ್ತು ಸಲ ನೋಡುದು ಅದಕ್ಕೇ.

ಆಮೇಲೆ ಒಂದು ಕೆಲಸ ಕೊಟ್ಟೆ, ನನಗೆ ತುಂಬ ಇಷ್ಟದ್ದು. ಅತೀ ಹೆಚ್ಚು ಹಾಕುವ ಐದು ಬಟ್ಟೆ ಚೀಲದಲ್ಲಿ ಹಾಕಿ ತೆಗೊಂಡು ಬಾ, ಚಂದದ್ದಲ್ಲ, ಹೆಚ್ಚು ಹಾಕುವುದು. ತಂದಳು. ಎಲ್ಲ ಗಾಢ ಬಣ್ಣ, ಕಡು ಹಸಿರು, ಕಾಫಿ, ನೇರಳೆ. ಎಲ್ಲ ದಪ್ಪ ಹತ್ತಿ. ಮತ್ತೆ ಐದರಲ್ಲಿ ನಾಲ್ಕಕ್ಕೆ ಕಿಸೆ! ಅವಳು ಅದನ್ನು ಗಮನಿಸಿಯೇ ಇರಲಿಲ್ಲ. ಕಿಸೆ ಯಾಕೆ ಅಂದ್ರೆ, ಬಸ್ಸಲ್ಲಿ ಚಿಲ್ಲರೆ ಇಡ್ಲಿಕ್ಕೆ, ಕೈ ಎಲ್ಲಿ ಇಡುದು ಅಂತ ಗೊತ್ತಾಗದಾಗ ಕೈ ಇಡ್ಲಿಕ್ಕೆ, ಮತ್ತೆ ಸಣ್ಣದಿರುವಾಗ ಅಜ್ಜನ ಅಂಗಿಯ ಕಿಸೆಯಿಂದ ಪೆಪ್ಪರ್‌ಮಿಂಟು ಬರ್ತಿತ್ತಂತೆ. ಹತ್ತು ನಿಮಿಷ ಬರೀ ಕಿಸೆಯ ಬಗ್ಗೆ ಮಾತಾಡಿದ್ದೇವೆ ನಾವು. ಇಷ್ಟು ದಿನದಲ್ಲಿ ಅವಳು ಅಷ್ಟು ಬಿಡಿಸಿ ಮಾತಾಡಿದ್ದು ಅದೇ ಮೊದಲು.

ಆ ಐದರಲ್ಲಿ ಒಂದು ಅಮ್ಮನ ಹಳೇ ಕಾಸರಗೋಡು ಸೀರೆಯಿಂದ ಹೊಲಿಸಿದ ಕುರ್ತಾ. ನಮ್ಮೂರಿನ ಹತ್ತಿ ಸೀರೆ, ಇಲ್ಲಿ ನೇಕಾರರ ಸಹಕಾರ ಸಂಘವೇ ಉಂಟು 1938ರಿಂದ, ಜಿಐ ಟ್ಯಾಗು (ಇದು ಈ ಊರಿನದ್ದೇ ಅನ್ನುವ ಸರಕಾರದ ಗುರುತು) ಕೂಡ ಸಿಕ್ಕಿದೆ, ಬಣ್ಣ ಬಿಡುದಿಲ್ಲ ಅನ್ನುವುದೇ ಅದರ ದೊಡ್ಡ ಹೆಸರು. ಸೆರಗು ಹರಿದಿತ್ತು, ಊರಿನ ಟೈಲರ್ 350 ರೂಪಾಯಿಗೆ ಕಿಸೆ ಇಟ್ಟು ಹೊಲಿದು ಕೊಟ್ಟದ್ದು, 6 ವರ್ಷ ಆಯ್ತು, ತಿಂಗಳಿಗೆ ಮೂರು ಸಲ ಹಾಕಿದ್ರೂ ಲೆಕ್ಕ ಹಾಕು ನೋಡುವ ಅಂದೆ. ಒಂದು ಸಲಕ್ಕೆ 2 ರೂಪಾಯಿಯೂ ಬೀಳ್ಲಿಲ್ಲ. 2,899ರ ಲೆಹೆಂಗಾ ಒಂದೇ ಸಲ ಹಾಕಿದ್ದು, ಒಂದು ಸಲಕ್ಕೆ 2,899. ಒಂದು ಹತ್ತಿ ಟೀಶರ್ಟಿಗೆ 2,700 ಲೀಟರ್ ನೀರು ಬೇಕು ಅನ್ನುವ ಲೆಕ್ಕವನ್ನು ಮೊದಲೊಮ್ಮೆ ಹೇಳಿದ್ದೆ, ಸುಮ್ಮನೆ ತಲೆ ಆಡಿಸಿದ್ದಳು. ಈ 2 ರೂಪಾಯಿ ಮಾತ್ರ ನಾಟಿತು.

ಕೊಟ್ಟ ಸಲಹೆ ಇಷ್ಟು. ಮೊದಲು ಸಾಲ. ಬಾಕಿ 31,000ವನ್ನು ಏಳು ತಿಂಗಳಿಗೆ ಹಂಚಿ ಕಟ್ಟುದು, ಆ್ಯಪಲ್ಲಿ ಸೇವ್ ಮಾಡಿಟ್ಟ ಕಾರ್ಡು ಅಳಿಸುದು, ಮನೆಯಲ್ಲಿ ಒಬ್ಬರಿಗೆ ಹೇಳುದು. ಕೊನೇದ್ದೇ ಕಷ್ಟ ಆದದ್ದು. ಬೇಕು ಅನಿಸಿದ್ದನ್ನು ಕಾರ್ಟಿಗೆ ಹಾಕದೆ ಸ್ಕ್ರೀನ್‌ಶಾಟ್ ತೆಗೆದು ಮೂರು ದಿನ ಬಿಡುದು, ಮೂರನೇ ದಿನ ಹಗಲು ಹೊತ್ತಲ್ಲಿ ನೋಡಿ "ಇದನ್ನು ಹಾಕುದು ಯಾರು, ಯಾವ ದಿನ, ಎಲ್ಲಿಗೆ" ಅಂತ ಕೇಳುದು, ಉತ್ತರದಲ್ಲಿ ಬರುವವಳು ಸೌಮ್ಯ ಅಲ್ಲದಿದ್ರೆ ಬಿಟ್ಟುಬಿಡುದು. ಆದಷ್ಟು ಅಂಗಡಿಗೆ ಹೋಗಿ ಮುಟ್ಟಿ ನೋಡಿ ತೆಗೆಯುದು, ಒಳಗಿನ ಹೊಲಿಗೆ ತಿರುಗಿಸಿ ನೋಡುದು, ಬದಿಯಲ್ಲಿ ಬಿಡಿಸ್ಲಿಕ್ಕೆ ಬಟ್ಟೆ ಬಿಟ್ಟಿದ್ದಾರಾ ಅಂತ. ಸ್ವಲ್ಪ ದಪ್ಪ ಆದ್ರೆ ಬಿಸಾಡ್ಬೇಕಾದ ಅಂಗಿ ಅಗ್ಗದ್ದಲ್ಲ.

ಕಪಾಟು ಖಾಲಿ ಮಾಡು ಅಂತ ಮಾತ್ರ ನಾನು ಹೇಳ್ಲಿಲ್ಲ. ಈ ಮಿನಿಮಲಿಸಂ ಅಂತ ಬೂದಿ ಬಣ್ಣದ ನಾಲ್ಕು ಅಂಗಿ ನೇತಾಡಿಸುದು ಉಂಟಲ್ಲ, ಅದನ್ನು ಹೇಳಿದವರು ನಮ್ಮ ಜೂನ್ ಜುಲೈ ನೋಡಿದವರಲ್ಲ. ಆಟಿ ತಿಂಗಳಲ್ಲಿ (ಜುಲೈ ನಡುವಿಂದ ಆಗಸ್ಟ್ ನಡುವಿನವರೆಗಿನ ಮಳೆಯ ತಿಂಗಳು) ಒಗೆದದ್ದು ನಾಲ್ಕು ದಿನವಾದ್ರೂ ಒಣಗುದಿಲ್ಲ, ದಪ್ಪ ಹತ್ತಿ ಆದ್ರೆ ಕೇಳುದೇ ಬೇಡ, ಕಪಾಟಲ್ಲಿ ಬೂಷ್ಟು, ಎರಡು ಜೊತೆ ಹೆಚ್ಚು ಇರ್ಲೇಬೇಕು, ಮಳೆಗಾಲದ ಬಸ್ಸಿಗೆ ಬೇಗ ಒಣಗುವ ಪಾಲಿಯೆಸ್ಟರೂ ಇರ್ಲಿ. ಮತ್ತೆ ದೇವಸ್ಥಾನಕ್ಕೆ, ಸಾವಿನ ಮನೆಗೆ, ತೋಟಕ್ಕೆ ಬೇರೆ ಬೇರೆ ಬೇಕು. ಎಷ್ಟು ಅನ್ನುವುದಕ್ಕಿಂತ ಯಾರದ್ದು ಅನ್ನುವುದು ನೋಡು ಅಂದೆ.

ಒಂದು ಮಾತು ಇದನ್ನು ಓದುವವರಿಗೆ. ಡಿಎಸ್‌ಎಂ-5ರಲ್ಲಿ (ಮನೋವೈದ್ಯರು ಕಾಯಿಲೆ ಗುರುತಿಸ್ಲಿಕ್ಕೆ ನೋಡುವ ಅಮೆರಿಕದ ಕೈಪಿಡಿ) ಅತಿಯಾದ ಖರೀದಿಗೆ ಪ್ರತ್ಯೇಕ ಕಾಯಿಲೆ ಅಂತ ಸ್ಥಾನ ಕೊಟ್ಟಿಲ್ಲ, ಹಾಗಂತ ಸಣ್ಣ ವಿಷಯ ಅಲ್ಲ. ಸಾಲ ಮುಚ್ಚಲಿಕ್ಕೆ ಇನ್ನೊಂದು ಸಾಲ, ಖರೀದಿ ಮಾಡದಿದ್ರೆ ಕೈಕಾಲು ನಡುಗುವ ಹಾಗೆ ಆಗುದು, ಬದುಕೇ ಬೇಡ ಅನಿಸುದು, ಇದೆಲ್ಲ ಇದ್ರೆ ಮನೋವೈದ್ಯರನ್ನು ನೋಡ್ಬೇಕು, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿಗೂ ಫೋನ್ ಮಾಡ್ಬಹುದು. ಸೌಮ್ಯನ ವಿಷಯ ಅಲ್ಲಿಯವರೆಗೆ ಹೋಗಿರ್ಲಿಲ್ಲ.

ಟ್ಯಾಗು ಇದ್ದ 37ರಲ್ಲಿ ಕೆಲವು ವಾಪಸ್ ಹೋದವು, ಕೆಲವು ತಂಗಿಯಂದಿರಿಗೆ. ಆರು ಲಿನನ್ ಸೀರೆಯಲ್ಲಿ ಎರಡು ಉಳಿಸಿಕೊಂಡಳು, "ಇದು ನನಗೆ ನಿಜವಾಗಿ ಇಷ್ಟ ಅಕ್ಕಾ". ಮೇಡಂ ಹೋಗಿ ಅಕ್ಕ ಆಗಿತ್ತು ಆಗ. ಆಫೀಸಿನ ಓಣಂಗೆ ಎಲ್ಲರೂ ಕಸವು ಅಂದ್ರೆ ಚಿನ್ನದ ಬಣ್ಣದ ಜರಿ ಅಂಚು ಇರುವ ಬಿಳಿ ಸೆಟ್ ಸೀರೆಯಲ್ಲಿ, ಇವಳೂ ಅದನ್ನೇ ಉಟ್ಟಳು. ಬೇರೆ ಉಟ್ಟು ಎದ್ದು ಕಾಣ್ತಾಳೆ ಅಂತ ನಾನು ಒಳಗೊಳಗೇ ಕಾದಿದ್ದೆ, ಸುಳ್ಳು ಯಾಕೆ ಹೇಳ್ಬೇಕು. "ಆ ಬಿಳಿ ನನಗೆ ಆಗ್ತದೆ ಅಕ್ಕಾ, ಪೂಕ್ಕಳಂ (ಹೂವಿನ ರಂಗೋಲಿ) ಹಾಕುವಾಗ ಎಲ್ಲರ ಹಾಗೆ ಇರುದೂ ಖುಷಿಯೇ" ಅಂದಳು. ರವಕೆ ಮಾತ್ರ ಕಡು ಹಸಿರು, ಅವಳದ್ದೇ ಬಣ್ಣ.

ಆದಿತ್ಯವಾರ ರಾತ್ರಿ ಈಗಲೂ ಫೋನು ನೋಡ್ತಾಳೆ. ಕಳೆದ ತಿಂಗಳು ಒಂದು ಡ್ರೆಸ್ ತೆಗೆದಳು, ಕಿತ್ತಳೆ ಬಣ್ಣ, ಕಿಸೆ ಇಲ್ಲ, ನನಗಂತೂ ಕಂಡ್ರಾಗದು, ನಾನು ಎಂತ ಹೇಳ್ಲಿಕ್ಕೆ ಹೋಗ್ಲಿಲ್ಲ. ಇನ್ನೂ ಮೂರು ಕಂತು ಬಾಕಿ ಉಂಟು. ಅಮ್ಮನಿಗೆ ಸಾಲದ ವಿಷಯ ಹೇಳಿದ ದಿನ ಅಮ್ಮ ಒಂದು ಗಂಟೆ ಮಾತಾಡ್ಲಿಲ್ಲವಂತೆ, ಅಡಕೆ ಸುಲಿಯುತ್ತಾ ಕೂತಿದ್ದರಂತೆ. ಆಮೇಲೆ ತಲೆ ಎತ್ತದೆಯೇ ಕೇಳಿದ್ದು, "ಆ ಟೈಲರ್ ಹತ್ರ ಹೋಗುವಾಗ ನನ್ನ ನೈಟಿಗಳನ್ನೂ ತೆಗೊಂಡು ಹೋಗು, ಕಿಸೆ ಇಡ್ಸು".