ಹಳೆ ಹೋಮ್‌ಸ್ಟೆಡ್‌ನಲ್ಲಿ ಬರೀ ಮೊಳೆ ಸಿಗುತ್ತಿದೆ, ಏನು ಮಾಡಲಿ?

ಪ್ರಶ್ನೆ: ಅಮೆರಿಕದ ನೆಬ್ರಾಸ್ಕಾದಲ್ಲಿ ಪರಿಚಯದವರ ಹೊಲದಲ್ಲಿ 1880ರ ದಶಕದ ಹೋಮ್‌ಸ್ಟೆಡ್ ಮನೆಯ (ಸರ್ಕಾರ ಕೊಟ್ಟ ಜಮೀನಿನಲ್ಲಿ ನೆಲೆಸಿದವರು ಕಟ್ಟಿಕೊಂಡದ್ದು) ಪಾಯ ಉಳಿದಿದೆ. ಮಾಲೀಕರ ಒಪ್ಪಿಗೆ ಇದೆ. ಮೂರು ಭಾನುವಾರ ಹುಡುಕಿದರೂ ತುಕ್ಕು ಹಿಡಿದ ಮೊಳೆ ಬಿಟ್ಟು ಬೇರೇನೂ ಸಿಕ್ಕಿಲ್ಲ. ಇನ್ನೂ ಆಳಕ್ಕೆ ಹೋಗುವ ಯಾವ ಮೆಟಲ್ ಡಿಟೆಕ್ಟರ್ ಕೊಳ್ಳಲಿ?

ಉತ್ತರ: ಯಾವುದನ್ನೂ ಕೊಳ್ಳಬೇಡಿ. ಆಳ, ಆಳ, ಆಳ! ಈ ಪ್ರಶ್ನೆಗೆ ಬರೆದು ಬರೆದು ಸಾಕಾಗಿದೆ. ಜನ ಸಾವಿರಾರು ಡಾಲರ್ ಸುರಿಯುವುದು ಮಾತ್ರ ನಿಂತಿಲ್ಲ, ಅದಕ್ಕೇ ಈ ಸಲ ವಿವರವಾಗಿ ಹೇಳುತ್ತೇನೆ.

1881ರ ಜುಲೈನಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡೇಟು ಬಿತ್ತು. ದೇಹದೊಳಗಿನ ಗುಂಡನ್ನು ಹುಡುಕಲು ಅಲೆಕ್ಸಾಂಡರ್ ಗ್ರಹಾಂ ಬೆಲ್ ಒಂದು ವಿದ್ಯುತ್ ಉಪಕರಣ ಮಾಡಿಕೊಂಡು ಬಂದ. ಅಂತರ್ಯುದ್ಧದಲ್ಲಿ ಗುಂಡು ತಿಂದು ಬದುಕಿದ್ದವರ ಮೈಮೇಲೆ ಅದು ಸರಿಯಾಗಿಯೇ ಕೆಲಸ ಮಾಡಿತ್ತು. ಅಧ್ಯಕ್ಷರ ಹಾಸಿಗೆಯ ಬಳಿ ಮಾತ್ರ ಸೋತಿತು. ವೈದ್ಯರು ಬಲಭಾಗವನ್ನಷ್ಟೇ ನೋಡಗೊಟ್ಟರು, ಗುಂಡು ಇದ್ದದ್ದು ಎಡಕ್ಕೆ. ಸಾಲದ್ದಕ್ಕೆ ಹಾಸಿಗೆಯೊಳಗೆ ಉಕ್ಕಿನ ತಂತಿಗಳಿದ್ದವು. ನಿಮ್ಮ ಹೊಲದಲ್ಲಿ ಆಗುತ್ತಿರುವುದೂ ಹೆಚ್ಚುಕಡಿಮೆ ಇದೇ. ಮರದ ಮನೆ ಬಿದ್ದಿದೆ ಅಥವಾ ಸುಟ್ಟಿದೆ, ಮರ ಹೋಗಿ ಸಾವಿರಗಟ್ಟಲೆ ಮೊಳೆ ಮಣ್ಣಲ್ಲಿ ಉಳಿದಿವೆ. ನಿಮ್ಮ 11 ಇಂಚಿನ ಕಾಯಿಲ್ (ಡಿಟೆಕ್ಟರ್ ತುದಿಯ ದುಂಡು ತಟ್ಟೆ) ಒಂದೇ ಬೀಸಿಗೆ ಐದಾರು ಮೊಳೆಗಳನ್ನು ಒಟ್ಟಿಗೆ ನೋಡುತ್ತದೆ. ಕಬ್ಬಿಣ ಬೇಡವೆಂದು ಡಿಸ್ಕ್ರಿಮಿನೇಶನ್ (ಬೇಡದ ಲೋಹದ ಸದ್ದು ಅಡಗಿಸುವ ಸೆಟ್ಟಿಂಗ್) ಏರಿಸಿಟ್ಟಿದ್ದೀರಿ ತಾನೆ? ಹಾಗಾದರೆ ಪ್ರತಿ ಮೊಳೆಗೂ ಮೆಷಿನ್ ಒಂದು ಕ್ಷಣ ಬಾಯಿ ಮುಚ್ಚುತ್ತದೆ. ಪಕ್ಕದಲ್ಲೇ, ನಾಲ್ಕೇ ಇಂಚು ಕೆಳಗೆ ಇರುವ ಬೆಳ್ಳಿಯ ಡೈಮ್ (ಹತ್ತು ಸೆಂಟಿನ ನಾಣ್ಯ) ಆ ಮೌನದಲ್ಲಿ ಮುಳುಗಿಹೋಗುತ್ತದೆ.

ಇನ್ನು ಆಳದ ಲೆಕ್ಕ. ಕಾಯಿಲ್‌ನಿಂದ ದೂರ ಸರಿದ ಮೇಲೆ ಆಳ ಎರಡು ಪಟ್ಟಾದರೆ ಸಣ್ಣ ನಾಣ್ಯದ ಸಿಗ್ನಲ್ ಸುಮಾರು 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಎಷ್ಟೇ ದುಬಾರಿ ಮೆಷಿನ್ ತಂದರೂ ಈ ಲೆಕ್ಕ ತಪ್ಪುವುದಿಲ್ಲ. ದೊಡ್ಡ ಕಾಯಿಲ್ ಹಾಕಿದರಂತೂ ಇನ್ನಷ್ಟು ಮೊಳೆಗಳು ಒಟ್ಟಿಗೆ ಸಿಕ್ಕಿ ಗದ್ದಲ ಹೆಚ್ಚುತ್ತದೆ.

ಮಾಡಬೇಕಾದದ್ದು ಇದರ ತಿರುವುಮುರುವು. 5–6 ಇಂಚಿನ ಚಿಕ್ಕ ಕಾಯಿಲ್ ಹಾಕಿ. ಡಿಸ್ಕ್ರಿಮಿನೇಶನ್ ಪೂರ್ತಿ ತೆಗೆದು ಮೊಳೆಯ ಗೊರಗೊರವನ್ನೂ ಕೇಳಿಸಿಕೊಳ್ಳಿ. ಸೆನ್ಸಿಟಿವಿಟಿ (ಎಷ್ಟು ಸಣ್ಣ ಸಿಗ್ನಲ್ಲಿಗೆ ಮೆಷಿನ್ ಸದ್ದು ಮಾಡಬೇಕೆಂಬ ಮಟ್ಟ) ಇಳಿಸಿ. ಹುಲ್ಲು ಸವರುವಂತೆ ಬೀಸುವುದನ್ನು ಬಿಟ್ಟು ನೆಲ ಒರೆಸುವಂತೆ ನಿಧಾನಕ್ಕೆ ಸಾಗಿ. ಗೊರಗೊರದ ನಡುವೆ ಒಂದು ಎತ್ತರದ ದನಿ ಚುಟುಕಾಗಿ ಕೇಳಿತೆ? ನಿಲ್ಲಿ, 90 ಡಿಗ್ರಿ ತಿರುಗಿ ಮತ್ತೆ ಬೀಸಿ. ಬಾಗಿದ ಮೊಳೆಯಾದರೆ ದನಿ ಒಡೆಯುತ್ತದೆ ಇಲ್ಲವೇ ಜಾಗ ಬದಲಿಸುತ್ತದೆ. ಎರಡೂ ಕಡೆಯಿಂದ ಅದೇ ಜಾಗದಲ್ಲಿ ನಿಂತರೆ ಅಗೆಯಿರಿ. ಒಂದೇ ಕಡೆಯಿಂದ ಶುದ್ಧವಾಗಿ ಕೇಳಿದರೂ ಪಾಯದ ಹತ್ತಿರ ಅಗೆಯಿರಿ, ಪಕ್ಕದ ಮೊಳೆ ಇನ್ನೊಂದು ಕಡೆಯ ದನಿಯನ್ನು ನುಂಗಿರಬಹುದು.

ಸಿಕ್ಕ ಮೊಳೆಗಳನ್ನು ಎಸೆಯಬೇಡಿ, ಬಕೆಟ್ಟಿಗೆ ಹಾಕಿ ಮನೆಗೆ ತನ್ನಿ. ಇದನ್ನು ಯಾರೂ ಕೇಳುವುದಿಲ್ಲ, ನನಗೆ ಬೇಸರ ಅದೇ. ಅಂಚು ಚೌಕವಾಗಿ, ಚಪ್ಪಟೆಯಾಗಿರುವುದು ತಗಡಿನಿಂದ ಕತ್ತರಿಸಿದ ಹಳೆ ಮೊಳೆ. ದುಂಡಗಿನ ತಂತಿ ಮೊಳೆ ಅದನ್ನು ಹಿಂದೆ ಹಾಕಿದ್ದು 1890ರ ದಶಕದಲ್ಲಿ. ಬಕೆಟ್ಟಿನಲ್ಲಿ ಬರೀ ದುಂಡು ಮೊಳೆಗಳೇ ಇದ್ದರೆ ನೀವು ಅಗೆಯುತ್ತಿರುವುದು ಬಹುಶಃ 1880ರ ಮನೆಯನ್ನಲ್ಲ, ಆಮೇಲೆ ಕಟ್ಟಿದ ಕೊಟ್ಟಿಗೆಯನ್ನು. ಮೊಳೆ ಹೆಕ್ಕಿ ಮುಗಿದ ಮೇಲೆ ಅದೇ ಜಾಗದಲ್ಲಿ ಇನ್ನೊಮ್ಮೆ ನಡೆಯಿರಿ. ಬಾಗಿಲ ಮುಂದೆ, ಬಟ್ಟೆ ಒಣಹಾಕುತ್ತಿದ್ದ ಕಡೆ, ಬಾವಿಯ ದಾರಿಯಲ್ಲಿ ಹೆಚ್ಚು ಹೊತ್ತು ಕಳೆಯಿರಿ. ಆಗ ಹತ್ತು ಸೆಂಟ್ ಅಂದರೆ ದೊಡ್ಡ ದುಡ್ಡು, ಬಿದ್ದರೆ ಹುಡುಕದೆ ಬಿಡುತ್ತಿರಲಿಲ್ಲ. ಹಾಗಾಗಿ ಅಂಗಿಯ ಗುಂಡಿ, ಕುದುರೆ ಸಜ್ಜಿನ ಬಕಲ್ ಸಿಕ್ಕರೂ ಸಂತೋಷಪಡಿ. 1859–1909ರ ಇಂಡಿಯನ್ ಹೆಡ್ ಸೆಂಟ್ (ಅಮೆರಿಕದ ಹಳೆ ಒಂದು ಸೆಂಟಿನ ನಾಣ್ಯ) ಒಂದು ಸಿಕ್ಕರೆ ಆ ದಿನ ನಿಮ್ಮದು.

ಪ್ರಶ್ನೆ: ನೂರಾರು ಅಡಿ ದೂರದಿಂದಲೇ ಚಿನ್ನ ತೋರಿಸುವ ಲಾಂಗ್ ರೇಂಜ್ ಲೊಕೇಟರ್ ಕೊಳ್ಳಬಹುದೆ?

ಉತ್ತರ: ಅದು ಮೋಸ. ಗಾಲ್ಫ್ ಚೆಂಡು ಹುಡುಕುವ ಆಟಿಕೆಯಂಥದ್ದನ್ನೇ ಬಾಂಬ್ ಪತ್ತೆ ಯಂತ್ರವೆಂದು ಇರಾಕಿಗೆ ಮಾರಿದವನಿಗೆ 2013ರಲ್ಲಿ ಲಂಡನ್ನಿನ ನ್ಯಾಯಾಲಯ 10 ವರ್ಷ ಜೈಲು ವಿಧಿಸಿತು. ನಿಧಿ ತೋರಿಸುವ ಕಡ್ಡಿ ಮಾರುವವರೂ ಅದೇ ಜಾತಿಯ ಕಳ್ಳರು.

ಪ್ರಶ್ನೆ: ಸಿಕ್ಕ ನಾಣ್ಯವನ್ನು ನಿಂಬೆರಸ, ಟೂತ್‌ಪೇಸ್ಟ್ ಹಾಕಿ ಉಜ್ಜಬಹುದೆ?

ಉತ್ತರ: ಬೇಡ. ಉಜ್ಜಿ ಹೋದ ಮೇಲ್ಮೈ ಮತ್ತೆ ಬರುವುದಿಲ್ಲ.

ಪ್ರಶ್ನೆ: ಯಾರೂ ವಾಸವಿಲ್ಲದ ಸರ್ಕಾರಿ ಜಮೀನಿನ ಪಾಳು ಮನೆಯಲ್ಲಿ ಹುಡುಕಿದರೆ ಯಾರಿಗೆ ಗೊತ್ತಾಗುತ್ತದೆ?

ಉತ್ತರ: ಈ ಪ್ರಶ್ನೆ ಕೇಳುವವರಿಗೆ ನಾನು ಏನನ್ನೂ ಕಲಿಸುವುದಿಲ್ಲ. ಫೆಡರಲ್ (ಅಮೆರಿಕದ ಕೇಂದ್ರ ಸರ್ಕಾರದ) ಜಮೀನಿನಲ್ಲಿ 100 ವರ್ಷ ದಾಟಿದ ಪುರಾತತ್ವ ವಸ್ತುಗಳನ್ನು ಪರವಾನಗಿ ಇಲ್ಲದೆ ಅಗೆದು ತೆಗೆಯುವುದು 1979ರ ಕಾಯ್ದೆಯಡಿ ಅಪರಾಧ. ರಾಷ್ಟ್ರೀಯ ಉದ್ಯಾನಗಳಲ್ಲಂತೂ ಬಳಕೆಗೆ ಸಿದ್ಧವಾದ ಡಿಟೆಕ್ಟರ್ ಕೈಯಲ್ಲಿದ್ದರೂ ತಪ್ಪು.

ನೆಬ್ರಾಸ್ಕಾದವರಿಗೆ ಇನ್ನೊಂದು ಮಾತು: ಇಂಥ ಮನೆಗಳ ಬಾವಿಗೆ ಹಲಗೆ ಮುಚ್ಚಿ, ಮೇಲೆ ಮಣ್ಣೆಳೆದು ಬಿಟ್ಟಿರುತ್ತಾರೆ. ಹಲಗೆ ಈಗ ಲಡ್ಡಾಗಿರುತ್ತದೆ, ಹುಲ್ಲು ಬೆಳೆದು ನೆಲದಂತೆಯೇ ಕಾಣುತ್ತದೆ. ಒಬ್ಬರೇ ಹೋಗಬೇಡಿ. ಕೋಲಿನಿಂದ ಕುಟ್ಟಿ ನೋಡುತ್ತಾ ನಡೆಯಿರಿ, ಟೊಳ್ಳು ಸದ್ದು ಬಂದ ಕಡೆಯಿಂದ ಹಿಂದೆ ಸರಿದು ಮಾಲೀಕರಿಗೆ ತಿಳಿಸಿ.